ಟೈನ್ ದಂಡೆಯ ಹನ್ನೆರಡು ಮೈಲಿ

ನ್ಯೂಕ್ಯಾಸಲ್‌ನಿಂದ ಕಾರ್ಲೈಲ್ ಕಡೆಗೆ ಹೋಗುವ ರೈಲು ಊರು ದಾಟಿದ ಮೇಲೆ ಬಹುದೂರದವರೆಗೆ ಟೈನ್ ನದಿಯ ಸಂಗ ಬಿಡುವುದೇ ಇಲ್ಲ. ಕಿಟಕಿಯಾಚೆ ನೀರು, ಮರಗಳ ಸಾಲು, ಇಳಿಜಾರಿನಲ್ಲಿ ಮೇಯುವ ಕುರಿ, ಮತ್ತೆ ನೀರು. ಇಂಗ್ಲೆಂಡಿನ ಈಶಾನ್ಯ ಮೂಲೆಯ ಈ ಕಣಿವೆಗೆ ಪ್ರವಾಸಿಗರು ಬರುವುದು ಹೆಚ್ಚಾಗಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ ನೋಡಲು. ನಾನು ಬಂದದ್ದು ಥಾಮಸ್ ಬ್ಯೂಯಿಕ್ ಎಂಬ ಕೆತ್ತನೆಗಾರನ ಊರು ನೋಡಲು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಮರದ ತುಂಡುಗಳ ಮೇಲೆ ಹಕ್ಕಿ, ದನ, ಹೊಳೆ, ಮಳೆ, ಹಿಮ ಎಲ್ಲವನ್ನೂ ಕೊರೆದು ಅಚ್ಚು ಹಾಕಿದವನು ಅವನು. 1753ರಲ್ಲಿ ಹುಟ್ಟಿ 1828ರಲ್ಲಿ ತೀರಿಕೊಂಡ. ಹುಟ್ಟಿದ ಮನೆಗೂ ದುಡಿದ ಅಂಗಡಿಗೂ ಸುಮಾರು 12 ಮೈಲಿ ದೂರ. ಅವನು ಕೊರೆದ ಅತ್ಯುತ್ತಮ ಚಿತ್ರಗಳೆಲ್ಲ ಈ 12 ಮೈಲಿಯೊಳಗೆ ಕಣ್ಣಿಗೆ ಬಿದ್ದವು ಎಂಬುದು ನನ್ನ ಬಹುಕಾಲದ ನಂಬಿಕೆ. ಆ ದಾರಿಯನ್ನು ಒಮ್ಮೆ ಕಾಲಿನಿಂದಲೇ ಅಳೆಯಬೇಕು ಎಂಬ ಆಸೆ ನನ್ನನ್ನು ಇಲ್ಲಿಗೆ ಕರೆತಂದಿತು.

ಪ್ರಡೋ ನಿಲ್ದಾಣದಲ್ಲಿ ಇಳಿದರೆ ಎರಡು ದಾರಿ. ಒಂದು, ಸೇತುವೆ ದಾಟಿ ನದಿಯ ಉತ್ತರ ದಂಡೆಯ ಓವಿಂಗ್‌ಹ್ಯಾಮ್‌ಗೆ. ಅಲ್ಲಿ ಅವನು ಓದಿದ ಶಾಲೆಯಿತ್ತು; ಅವನ ಸಮಾಧಿಯೂ ಅಲ್ಲಿದೆ. ಇನ್ನೊಂದು, ಏರು ಹತ್ತಿ ಮಿಕ್ಲಿಯ ಕಡೆಗೆ, ಚೆರಿಬರ್ನ್ ಎಂಬ ಅವನ ಮನೆಗೆ. ನಾನು ಏರನ್ನೇ ಹಿಡಿದೆ.

ಚೆರಿಬರ್ನ್ ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಜಾಗ. ಬ್ಯೂಯಿಕ್ ಹುಟ್ಟಿದ ತಗ್ಗು ಕಲ್ಲುಮನೆಯ ಒಂದು ಭಾಗ ಮಾತ್ರ ಉಳಿದಿದೆ. ಪಕ್ಕದಲ್ಲಿ ಮುಂದಿನ ತಲೆಮಾರಿನವರು ಕಟ್ಟಿಕೊಂಡ ದೊಡ್ಡ ಮನೆ. ಅಪ್ಪ ಜಾನ್ ಬ್ಯೂಯಿಕ್ ಗೇಣಿ ರೈತ. ಮಿಕ್ಲಿಯಲ್ಲೇ ಒಂದು ಚಿಕ್ಕ ಕಲ್ಲಿದ್ದಲು ಗಣಿಯನ್ನೂ ಗುತ್ತಿಗೆ ಹಿಡಿದಿದ್ದ. ಎಂಟು ಮಕ್ಕಳಲ್ಲಿ ಥಾಮಸ್ ಹಿರಿಯ. ಅಂಗಳದಿಂದ ನೋಡಿದರೆ ಗದ್ದೆಬಯಲು ಇಳಿಯುತ್ತ ಇಳಿಯುತ್ತ ನದಿಗೆ ಹೋಗಿ ಮುಟ್ಟುತ್ತದೆ. ಆಚೆ ದಂಡೆಯಲ್ಲಿ ಓವಿಂಗ್‌ಹ್ಯಾಮ್. ಹುಡುಗ ದಿನವೂ ಈ ಇಳಿಜಾರು ಇಳಿದು, ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋಗಬೇಕಿತ್ತು. ಎಷ್ಟೋ ದಿನ ಶಾಲೆ ಮುಟ್ಟದೆ ಹೊಳೆಯಲ್ಲೇ ಉಳಿದುಬಿಡುತ್ತಿದ್ದ ಎಂದು ಅವನೇ ಬರೆದಿಟ್ಟಿದ್ದಾನೆ. ಆ ಅಂಗಳದಲ್ಲಿ ನಿಂತು ಕೆಳಗೆ ನೋಡಿದವರು ಯಾರೂ ಅವನನ್ನು ದೂರಲಾರರು.

ಚಿತ್ರ ಬರೆಯುವುದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಮೊದಲು ಸ್ಲೇಟು, ಆಮೇಲೆ ಪುಸ್ತಕದ ಅಂಚು. ಅದು ತುಂಬಿದ ಮೇಲೆ ಸೀಮೆಸುಣ್ಣ ಹಿಡಿದು ಓವಿಂಗ್‌ಹ್ಯಾಮ್ ಚರ್ಚಿನ ಮುಖಮಂಟಪದ ನೆಲ, ಗೋರಿಕಲ್ಲುಗಳು. ರಾತ್ರಿ ಮನೆಯಲ್ಲಿ ಒಲೆಯ ಮುಂದಿನ ಚಪ್ಪಡಿ. ಬೆಂಕಿಯ ಝಳಕ್ಕೆ ಮುಖ ಬೇಯುತ್ತಿದ್ದರೂ ಏಳುತ್ತಿರಲಿಲ್ಲವಂತೆ. ಯಾರೋ ಮರುಕಪಟ್ಟು ಕಾಗದ ಕೊಡಿಸಿದರು. ಆಗ ಶಾಯಿ ಮತ್ತು ಕಾಡಿನ ಬ್ಲ್ಯಾಕ್‌ಬೆರಿ ಹಣ್ಣಿನ ರಸವೇ ಅವನ ಬಣ್ಣ. ಊರಿನ ಬೇಟೆಗಾರರು, ಅವರ ಕುದುರೆಗಳು, ನಾಯಿಗಳು ಅವನ ವಿಷಯ. ಅವು ಅಕ್ಕಪಕ್ಕದ ಗುಡಿಸಲುಗಳ ಗೋಡೆ ಏರಿದವು.

ಈ ಹುಡುಗ ಎಲ್ಲ ಹಳ್ಳಿ ಹುಡುಗರಂತೆ ಹಕ್ಕಿಗೆ ಕಲ್ಲು ಬೀಸುತ್ತಿದ್ದ. ಒಂದು ದಿನ ಕಲ್ಲು ಗುರಿಗೆ ತಗುಲಿ ಹಕ್ಕಿ ಕೆಳಗೆ ಬಿತ್ತು. ಎತ್ತಿಕೊಂಡಾಗ ಇನ್ನೂ ಜೀವವಿತ್ತು. ಅದು ಅವನ ಮುಖವನ್ನೇ ನೋಡಿತು. ಮನೆಗೆ ತಂದು ಆರೈಕೆ ಮಾಡಿದರೂ ಉಳಿಯಲಿಲ್ಲ. ಅದು ಬುಲ್‌ಫಿಂಚ್ ಎಂಬುದು ಕೂಡ ಅವನಿಗೆ ಗೊತ್ತಾದದ್ದು ಬೇರೆಯವರು ಹೇಳಿದ ಮೇಲೆ. ತನ್ನ ಕೈಯಿಂದ ಸತ್ತ ಕೊನೆಯ ಹಕ್ಕಿ ಅದೇ ಎನ್ನುವ ಬ್ಯೂಯಿಕ್, ಮುಂದೆ ತನ್ನ ಸಲುವಾಗಿ ಬಹಳ ಹಕ್ಕಿಗಳು ಸತ್ತವು ಎಂಬುದನ್ನೂ ಜೊತೆಗೇ ಸೇರಿಸುತ್ತಾನೆ. ಅದನ್ನು ಅವನು ಮುಚ್ಚಿಡಲಿಲ್ಲ ಎಂಬುದಕ್ಕೇ ನನಗೆ ಅವನ ಮೇಲೆ ಗೌರವ. ಹಕ್ಕಿಗಳ ಪುಸ್ತಕಕ್ಕೆ ಬೇಕಾದ ಮಾದರಿಗಳನ್ನು ಗೆಳೆಯರು, ಅಭಿಮಾನಿಗಳು ಹೊಡೆದು ಕಳಿಸುತ್ತಿದ್ದರು. ದುರ್ಬೀನು, ಕ್ಯಾಮೆರಾ ಹಿಡಿದು ಹಕ್ಕಿ ನೋಡುವ ಕಾಲ ಇನ್ನೂ ದೂರವಿತ್ತು.

ಇನ್ನೊಂದು ಘಟನೆ ಮೊಲದ್ದು. ಬೇಟೆನಾಯಿಗಳು ಅಟ್ಟಿಸಿಕೊಂಡು ಬಂದ ಮೊಲ ಹುಡುಗನ ತೋಳಿಗೆ ಸಿಕ್ಕಿತು. ಎಳೆಗೂಸಿನಂತೆ ಕಿರುಚುತ್ತಿದ್ದ ಅದನ್ನು ಹೇಗಾದರೂ ಉಳಿಸಬೇಕೆಂದು ಅವನಿಗೆ ಅನಿಸಿತು. ಪರಿಚಯದ ರೈತನೊಬ್ಬ ಕೈಚಾಚಿದಾಗ ನಂಬಿ ಕೊಟ್ಟ. ಆ ಗುಂಪಿನವರು ಅದರ ಒಂದು ಕಾಲು ಮುರಿದು, ಆಟ ಮುಂದುವರಿಯಲಿ ಎಂದು ಮತ್ತೆ ನಾಯಿಗಳ ಮುಂದೆ ಬಿಟ್ಟರು. ಮುದುಕನಾಗಿ ಆತ್ಮಕಥೆ ಬರೆಯಲು ಕೂತಾಗಲೂ ಬ್ಯೂಯಿಕ್‌ಗೆ ಆ ಮೊಲ ಮರೆತಿರಲಿಲ್ಲ. ಅವನ ಚಿತ್ರಗಳನ್ನು ಮುದ್ದಾದ ಹಳ್ಳಿಚಿತ್ರಗಳೆಂದು ಹೊಗಳುವವರಿಗೆ ಈ ಎರಡು ಕಥೆ ಮೊದಲು ಹೇಳಬೇಕು ಅನ್ನಿಸುತ್ತದೆ. ಅವನು ಪ್ರಾಣಿಯ ಕಣ್ಣನ್ನು ಅಷ್ಟು ನಿಖರವಾಗಿ ಕೊರೆಯಬಲ್ಲವನಾಗಿದ್ದರೆ, ಅಂಥ ಕಣ್ಣು ಎಳವೆಯಲ್ಲೇ ಅವನನ್ನು ದಿಟ್ಟಿಸಿ ನೋಡಿತ್ತು.

1767ರ ಅಕ್ಟೋಬರಿನಲ್ಲಿ, 14ನೇ ವಯಸ್ಸಿಗೆ, ಅವನನ್ನು ನ್ಯೂಕ್ಯಾಸಲ್‌ನ ರಾಲ್ಫ್ ಬೀಲ್ಬಿ ಎಂಬ ಕೆತ್ತನೆಗಾರನ ಬಳಿ ಕಸುಬು ಕಲಿಯಲು ಬಿಟ್ಟರು. ಏಳು ವರ್ಷದ ಕರಾರು. ಸೇಂಟ್ ನಿಕೋಲಸ್ ಚರ್ಚಿನ ಬಗಲಲ್ಲಿದ್ದ ಆ ಅಂಗಡಿಯಲ್ಲಿ ಇಂಥದ್ದೇ ಕೆಲಸ ಎಂದಿರಲಿಲ್ಲ. ಬೆಳ್ಳಿ ಚಮಚಕ್ಕೆ ಹೆಸರು, ಬಾಗಿಲ ಫಲಕ, ಗಡಿಯಾರದ ಮುಖ, ಮೊಹರು, ನಾಯಿಯ ಕೊರಳಪಟ್ಟಿ, ಶವಪೆಟ್ಟಿಗೆಯ ತಗಡು, ಬ್ಯಾಂಕಿನ ನೋಟು. ಲೋಹದ ಮೇಲಿನ ನಾಜೂಕು ಕೆಲಸ ಬೀಲ್ಬಿಯದು. ಅವನಿಗೆ ಬೇಡವಾದ ಮರದ ಕೆಲಸ ಬಂದರೆ ಹುಡುಗನಿಗೆ. ಚಾರ್ಲ್ಸ್ ಹಟನ್ ಎಂಬ ಗಣಿತದ ಮೇಷ್ಟರ ಕ್ಷೇತ್ರಗಣಿತದ ಪುಸ್ತಕಕ್ಕೆ ತ್ರಿಕೋನ, ವೃತ್ತಗಳನ್ನು ಮರದಲ್ಲಿ ಕೊರೆದುಕೊಟ್ಟದ್ದೇ ಬ್ಯೂಯಿಕ್‌ನ ಮೊದಲ ದೊಡ್ಡ ಕೆಲಸ. ಕೂದಲೆಳೆಯಷ್ಟೂ ಅಲುಗದೆ ಗೆರೆ ಎಳೆಯುವ ಕೈ ಅಲ್ಲಿ ತಯಾರಾಯಿತು.

ಆ ಕಾಲಕ್ಕೆ ಮರದ ಅಚ್ಚಿಗೆ ಮರ್ಯಾದೆ ಇರಲಿಲ್ಲ. ಬೀದಿಯಲ್ಲಿ ಮಾರುವ ಹಾಡಿನ ಹಾಳೆಗಳಿಗೆ, ಅಗ್ಗದ ಪುಸ್ತಕಗಳಿಗೆ ಅದು ಸಾಕು ಎಂಬ ಭಾವನೆ. ಒಳ್ಳೆಯ ಚಿತ್ರ ಬೇಕೆಂದರೆ ತಾಮ್ರದ ತಗಡು. ಬ್ಯೂಯಿಕ್ ಆ ಮೇಲುಕೀಳನ್ನು ಬದಲಿಸಿದ್ದು ಹೇಗೆಂಬುದು ಚೆರಿಬರ್ನ್‌ನ ಮುದ್ರಣ ಕೊಠಡಿಯಲ್ಲಿ ಕಣ್ಣೆದುರೇ ಕಾಣುತ್ತದೆ. ಅಲ್ಲಿನ ಹಳೆಯ ಕೈಪ್ರೆಸ್ಸಿನ ಪಕ್ಕದಲ್ಲಿ ಹಿರಿಯ ಸ್ವಯಂಸೇವಕಿಯೊಬ್ಬರು ನಿಂತಿದ್ದರು. ಒಂದು ಮರದ ತುಂಡನ್ನು ನನ್ನ ಕೈಗಿಟ್ಟು, "ಇದರ ಮುಖದ ಮೇಲೆ ಬೆರಳಾಡಿಸಿ ನೋಡಿ, ನಾರು ಸಿಗುತ್ತದೆಯೇ?" ಎಂದರು. ಸಿಗಲಿಲ್ಲ. ದಂತದಷ್ಟು ನುಣುಪು, ಹಳದಿ ಬಣ್ಣ, ಗಾತ್ರಕ್ಕೆ ಮೀರಿದ ತೂಕ. ಅದು ಬಾಕ್ಸ್‌ವುಡ್. ಬಹಳ ನಿಧಾನವಾಗಿ ಬೆಳೆಯುವ, ಕಾಂಡ ಹೆಚ್ಚು ದಪ್ಪವಾಗದ ಮರ. ಉದ್ದಕ್ಕೆ ಸೀಳಿದ ಹಲಗೆಯ ಮೇಲೆ ಚಾಕುವಿನಿಂದ ಕೊರೆಯುವುದು ಹಳೆಯ ಪದ್ಧತಿ. ನಾರು ಅಡ್ಡ ಬರುವುದರಿಂದ ಸೂಕ್ಷ್ಮ ಗೆರೆ ನಿಲ್ಲುವುದಿಲ್ಲ. ಕಾಂಡವನ್ನು ಅಡ್ಡಕ್ಕೆ ಕುಯ್ದು, ಉಂಗುರಗಳು ಕಾಣುವ ಆ ಮುಖವನ್ನು ಉಜ್ಜಿ ನಯಗೊಳಿಸಿದರೆ ಉಳಿ ಯಾವ ದಿಕ್ಕಿಗಾದರೂ ಸಲೀಸಾಗಿ ಓಡುತ್ತದೆ. ತಾಮ್ರಕ್ಕೆ, ಬೆಳ್ಳಿಗೆ ಬಳಸುವ ಬ್ಯೂರಿನ್ ಎಂಬ ಮೊನಚು ಉಳಿಯನ್ನೇ ಬ್ಯೂಯಿಕ್ ಈ ಮರಕ್ಕೆ ಹಚ್ಚಿದ. ಅಡ್ಡಕೊಯ್ತದ ಮರ ಬಳಸಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಅದರಿಂದ ಏನೆಲ್ಲ ಮಾಡಬಹುದು ಎಂದು ತೋರಿಸಿದವನು ಅವನು.

ಆ ತಾಯಿ ಅಚ್ಚಿನ ಮೇಲೆ ಮಸಿಯ ರೋಲರ್ ಉರುಳಿಸಿದರು. ಮುಖವೆಲ್ಲ ಕಪ್ಪಾಯಿತು, ಉಳಿ ಹೋದ ಜಾಗ ಮಾತ್ರ ಹಾಗೇ ಉಳಿಯಿತು. ಕಾಗದ ಹಾಸಿ, ಹಿಡಿಕೆ ಎಳೆದು, ಮೆಲ್ಲಗೆ ಬಿಡಿಸಿದರು. ಕೊರೆಯದೆ ಬಿಟ್ಟದ್ದು ಕತ್ತಲು, ಕೊರೆದದ್ದು ಬೆಳಕು. ಪೆನ್ಸಿಲ್ ಹಿಡಿದವನು ಬಿಳಿ ಹಾಳೆಯ ಮೇಲೆ ನೆರಳನ್ನು ಕೂಡಿಸುತ್ತ ಹೋಗುತ್ತಾನೆ; ಬ್ಯೂಯಿಕ್ ಕರಿಮುಖದ ಮರದಿಂದ ಬೆಳಕನ್ನು ಹೊರಗೆ ತೆಗೆಯುತ್ತಿದ್ದ. ಹಕ್ಕಿಯ ಎದೆಯ ತುಪ್ಪಳ, ಒದ್ದೆ ಕಲ್ಲಿನ ಹೊಳಪು, ಕುರಿಯ ಬೆನ್ನಿನ ಮೇಲೆ ಕೂತ ಹಿಮ ಎಲ್ಲವೂ ಹೀಗೆ ಬಂದವು. ದೂರದ ಬೆಟ್ಟ ಮಸುಕಾಗಿ ಕಾಣಬೇಕಾದರೆ ಆ ಭಾಗದ ಮರವನ್ನು ಕೊರೆಯುವ ಮೊದಲೇ ಒಂದಿಷ್ಟು ಕೆರೆದು ತಗ್ಗು ಮಾಡುತ್ತಿದ್ದ. ಅಲ್ಲಿ ಒತ್ತಡ ಕಡಿಮೆ, ಮಸಿ ತೆಳು. ಇನ್ನೊಂದು ಲಾಭವೂ ಇತ್ತು. ಮರದ ಅಚ್ಚಿನ ಎತ್ತರ ಸೀಸದ ಮೊಳೆಗಳ ಎತ್ತರಕ್ಕೆ ಸಮ. ಹಾಗಾಗಿ ಅಕ್ಷರ ಮತ್ತು ಚಿತ್ರ ಒಂದೇ ಪುಟದಲ್ಲಿ, ಒಂದೇ ಎಳೆತಕ್ಕೆ ಅಚ್ಚಾಗುತ್ತವೆ. ತಾಮ್ರದ ಚಿತ್ರಕ್ಕೆ ಬೇರೆ ಪ್ರೆಸ್ಸು, ಬೇರೆ ಹಾಳೆ, ಬೇರೆ ಖರ್ಚು. ತಾಳಿಕೆಯಲ್ಲೂ ಮರವೇ ಮುಂದು: ಒಂದು ಪತ್ರಿಕೆಗೆ ತಾನು ಕೊರೆದ ಅಚ್ಚು 9 ಲಕ್ಷಕ್ಕೂ ಹೆಚ್ಚು ಸಲ ಮಸಿ ಕಂಡಿತು ಎಂದು ಬ್ಯೂಯಿಕ್ ಲೆಕ್ಕ ಹೇಳುತ್ತಾನೆ. ನಿಸರ್ಗದ ಚಿತ್ರಗಳು ಧನಿಕರ ದೊಡ್ಡ ಪುಸ್ತಕಗಳಿಂದ ಇಳಿದು ಸಾಮಾನ್ಯ ಓದುಗನ ಕೈಗೆ ಬಂದದ್ದಕ್ಕೆ ಈ ಮರದ ಗುಣವೂ ಕಾರಣ.

1775ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಅವನ ನೀತಿಕಥೆಗಳ ಅಚ್ಚುಗಳಿಗೆ ಬಹುಮಾನ ಕೊಟ್ಟಿತು. ಪದಕವೋ ಹಣವೋ ಎಂದು ಕೇಳಿದಾಗ ಅವನು 7 ಗಿನಿ ಹಣವನ್ನೇ ಆರಿಸಿಕೊಂಡು, ತಂದು ಅಮ್ಮನ ಕೈಯಲ್ಲಿಟ್ಟ. ಮರುವರ್ಷ ಲಂಡನ್ನಿಗೂ ಹೋದ. ಕೆಲಸಕ್ಕೆ ಕೊರತೆಯಿರಲಿಲ್ಲ, ಹಿಡಿಸಲಿಲ್ಲ ಅಷ್ಟೆ. ವರ್ಷ ತುಂಬುವ ಮೊದಲೇ ಟೈನ್ ದಂಡೆಗೆ ಮರಳಿ, 1777ರಲ್ಲಿ ಹಳೆಯ ಯಜಮಾನ ಬೀಲ್ಬಿಯ ಪಾಲುದಾರನಾದ. ಮತ್ತೆ ಲಂಡನ್ನಿನಲ್ಲಿ ನೆಲೆಸುವ ಮಾತೆತ್ತಲಿಲ್ಲ.

ಆಮೇಲೆ ಶುರುವಾದದ್ದು ವಾರದ ನಡಿಗೆ. ಅಪ್ಪ ಅಮ್ಮ ಬದುಕಿರುವ ತನಕ ವಾರದ ಕೊನೆಗೆ ಅಂಗಡಿಯಿಂದ ಚೆರಿಬರ್ನ್‌ಗೆ ನಡೆದು ಹೋಗುವುದು ಅವನ ನೇಮ. ಮಳೆಯಿರಲಿ ಹಿಮವಿರಲಿ, ದೋಣಿ ಸಿಗದಿದ್ದರೆ ಹೊಳೆಗೇ ಇಳಿದು ದಾಟುತ್ತಿದ್ದ. ನಾನೂ ವಾಪಸು ನ್ಯೂಕ್ಯಾಸಲ್ ಕಡೆಗೆ ನದಿಯ ಪಕ್ಕದ ಕಾಲುದಾರಿ ಹಿಡಿದೆ. ಬಿರುಸಿನಿಂದ ನಡೆಯುವವರಿಗೆ ಇಲ್ಲಿ ಅಂಥ ವಿಶೇಷವೇನೂ ಸಿಗದು. ಜಲಪಾತವಿಲ್ಲ, ಕಡಿದಾದ ಬೆಟ್ಟವಿಲ್ಲ. ನಿಂತು ನಿಂತು ನಡೆದರೆ ಒಂದೊಂದಾಗಿ ಕಾಣತೊಡಗುತ್ತವೆ: ಹೊಳೆಗೆ ಬಾಗಿದ ಕೊಂಬೆಗೆ ಹೋದ ನೆರೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಕಂತೆ, ಕಲ್ಲುಗೋಡೆಯ ಸಂದಿಯಲ್ಲಿ ನುಸುಳುವ ಚಿಕ್ಕ ರೆನ್ ಹಕ್ಕಿ, ಬೇಲಿಗೆ ಅಂಟಿದ ಉಣ್ಣೆ. ಬ್ಯೂಯಿಕ್‌ನ ಚಿತ್ರಗಳ ಹಿನ್ನೆಲೆಯಲ್ಲಿ ಇರುವುದೂ ಇಂಥವೇ. ನೀರಿನಂಚಿನ ಕಲ್ಲಿನ ಮೇಲೆ ಬಾಲ ಕುಣಿಸುತ್ತ ಒಂದು ಬೂದು ಸಿಪಿಲೆ ಕೂತಿತ್ತು. ನಮ್ಮ ಮಲೆನಾಡಿನ ತೊರೆಗಳ ಬಂಡೆಗಳ ಮೇಲೆ ಚಳಿಗಾಲದಲ್ಲಿ ಬಂದಿಳಿಯುವ ಅದೇ ಜಾತಿ. ಕುಂಡೆಕುಸ್ಕ ಎಂದು ಕರೆದು ನಾವು ಸಲಿಗೆ ತೋರುವ ಈ ಹಕ್ಕಿ ಬ್ಯೂಯಿಕ್‌ನ ಪುಸ್ತಕದಲ್ಲೂ ಹೀಗೇ ನೀರಿನ ಅಂಚಿಗೆ ಸೇರಿದ್ದು.

1785 ಅವನಿಗೆ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಅಮ್ಮ, ನವೆಂಬರಿನಲ್ಲಿ ಅಪ್ಪ ಹೋದರು. ನವೆಂಬರ್ 15, ಅಪ್ಪ ತೀರಿಕೊಂಡ ದಿನವೇ, ಒಂಟೆಯ ಒಂದು ಅಚ್ಚನ್ನು ಕೊರೆಯಲು ಕೂತ. 'ಎ ಜನರಲ್ ಹಿಸ್ಟರಿ ಆಫ್ ಕ್ವಾಡ್ರುಪೆಡ್ಸ್' ಎಂಬ ಪ್ರಾಣಿಗಳ ಪುಸ್ತಕದ ಮೊದಲ ಅಚ್ಚು ಅದು. ಹಗಲು ಅಂಗಡಿಯ ಕೆಲಸ ಮುಗಿಸಿ ರಾತ್ರಿ ಕೊರೆದು ಸೇರಿಸಿದ ಆ ಪುಸ್ತಕ 1790ರಲ್ಲಿ ಹೊರಬಂತು, ಬೇಗನೆ ಮರುಮುದ್ರಣಗಳನ್ನೂ ಕಂಡಿತು. ನಮ್ಮ ನೀಲಗಾಯಿಯೂ ಅದರಲ್ಲಿದೆ. ಆದರೆ ಕಾಣದ ದೇಶದ ಪ್ರಾಣಿಗಳನ್ನು ಬೇರೆಯವರ ಚಿತ್ರ ನೋಡಿ ಕೊರೆದಾಗ ಅವನ ಉಳಿ ಸ್ವಲ್ಪ ಮಂಕಾಗುತ್ತದೆ. ಪುಟ ತಿರುವಿ ಊರಿನ ಕುದುರೆ, ಕುರಿ, ನಾಯಿಗಳಿಗೆ ಬಂದರೆ ಚಿತ್ರ ಉಸಿರಾಡುತ್ತದೆ.

ಚಿಲಿಂಗ್‌ಹ್ಯಾಮ್‌ನ ಬಿಳಿ ಕಾಡುಗೂಳಿಯ ಕಥೆ ಇದೇ ಕಾಲದ್ದು. ನಾರ್ತಂಬರ್‌ಲ್ಯಾಂಡಿನ ಉತ್ತರ ಭಾಗದಲ್ಲಿ, ಗೋಡೆ ಕಟ್ಟಿದ ವಿಶಾಲ ಉದ್ಯಾನದಲ್ಲಿ ಯಾರೂ ಪಳಗಿಸದ ಆ ದನಗಳ ಹಿಂಡು ಇಂದಿಗೂ ಇದೆ. 1789ರಲ್ಲಿ ಮಾರ್ಮಡ್ಯೂಕ್ ಟನ್‌ಸ್ಟಲ್ ಎಂಬ ಶ್ರೀಮಂತ ಸಂಗ್ರಾಹಕ ಒಂದು ದೊಡ್ಡ ಚಿತ್ರ ಬೇಕೆಂದ. ಬ್ಯೂಯಿಕ್ ಅಂಬೆಗಾಲಿನಲ್ಲಿ ತೆವಳಿ ಹೋದರೂ ಹಿಂಡು ಹತ್ತಿರ ಸೇರಿಸಲಿಲ್ಲ. ಕೊನೆಗೆ ಇನ್ನೊಂದು ಗೂಳಿಯೊಡನೆ ಕಾದು ಸೋತು ಒಂಟಿಯಾಗಿದ್ದ ಗೂಳಿಯೊಂದು ಸಿಕ್ಕಿತು. ಅದನ್ನೇ ಬರೆದುಕೊಂಡು ಬಂದ. ಅಚ್ಚು ಸಿದ್ಧವಾಯಿತು; ಬೆರಳೆಣಿಕೆಯಷ್ಟು ಪ್ರತಿ ತೆಗೆಯುವಷ್ಟರಲ್ಲಿ ಮರ ಸೀಳಿತು. ಅವನ ಜೀವನದ ಅತ್ಯಂತ ದೊಡ್ಡ ಪ್ರಯತ್ನ ಅದು ಎಂದು ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಅವನ ಎತ್ತರ ಇರುವುದು ಚಿಕ್ಕದರಲ್ಲಿ.

ಆ ಚಿಕ್ಕದರ ಶಿಖರ 'ಎ ಹಿಸ್ಟರಿ ಆಫ್ ಬ್ರಿಟಿಷ್ ಬರ್ಡ್ಸ್'. ನೆಲದ ಹಕ್ಕಿಗಳ ಸಂಪುಟ 1797ರಲ್ಲಿ, ನೀರಹಕ್ಕಿಗಳ ಸಂಪುಟ 1804ರಲ್ಲಿ. ತಯಾರಿಗಾಗಿ 1791ರಲ್ಲಿ ಯಾರ್ಕ್‌ಷೈರ್ ಗಡಿಯ ವೈಕ್ಲಿಫ್‌ಗೆ ಹೋಗಿ, ಟನ್‌ಸ್ಟಲ್‌ನ ಸಂಗ್ರಹದ ಹುಲ್ಲು ತುಂಬಿದ ಹಕ್ಕಿಗಳನ್ನು ಸುಮಾರು ಎರಡು ತಿಂಗಳು ಕೂತು ಬರೆದ. ಮನೆಗೆ ಬಂದು ನೋಡಿದರೆ ಸಮಾಧಾನವಿಲ್ಲ. ಹುಲ್ಲು ತುಂಬಿದವನ ಊಹೆಯಂತೆ ನಿಂತ ಹಕ್ಕಿ ಹಕ್ಕಿಯಲ್ಲ. ಆಮೇಲೆ ಸಾಧ್ಯವಾದಷ್ಟೂ ಜೀವಂತ ಹಕ್ಕಿಯೋ, ಆಗಷ್ಟೇ ಸತ್ತದ್ದೋ ಸಿಗುವವರೆಗೆ ಕಾಯತೊಡಗಿದ. ಹೀಗಾಗಿ ಆ ಪುಸ್ತಕದ ಒಂದೊಂದು ಹಕ್ಕಿಯೂ ತನ್ನ ಜಾಗದಲ್ಲಿ, ತನ್ನ ಭಂಗಿಯಲ್ಲಿ ಇದೆ. ಷಾರ್ಲಟ್ ಬ್ರಾಂಟೆಯ 'ಜೇನ್ ಏರ್' ಕಾದಂಬರಿ ಓದಿದವರಿಗೆ ಮೊದಲ ಅಧ್ಯಾಯದಲ್ಲೇ ಪರದೆಯ ಮರೆಯಲ್ಲಿ ಕೂತ ಹುಡುಗಿಯ ತೊಡೆಯ ಮೇಲೆ ಇದೇ ಪುಸ್ತಕ ಕಂಡಿರುತ್ತದೆ.

ಆ ಹುಡುಗಿ ನೋಡುತ್ತಿದ್ದದ್ದು ಹಕ್ಕಿಗಳನ್ನಷ್ಟೇ ಅಲ್ಲ. ವಿವರಣೆ ಮುಗಿದು ಪುಟದ ತಳದಲ್ಲಿ ಜಾಗ ಉಳಿದ ಕಡೆ ಬ್ಯೂಯಿಕ್ ಒಂದೊಂದು ಪುಟ್ಟ ದೃಶ್ಯ ತುಂಬಿಸುತ್ತಿದ್ದ. ಟೇಲ್‌ಪೀಸ್ ಎನ್ನುವ ಈ ಚಿತ್ರಗಳಿಗೂ ಮೇಲಿನ ಹಕ್ಕಿಗೂ ಸಂಬಂಧವಿರಲೇಬೇಕೆಂದಿಲ್ಲ. ಸೇತುವೆಯ ಸುಂಕ ಉಳಿಸಲು ಹಸುವಿನ ಬಾಲ ಹಿಡಿದು ಹೊಳೆ ದಾಟುವವನ ಟೋಪಿ ಗಾಳಿಗೆ ಹಾರಿ ನೀರಿಗೆ ಬಿದ್ದಿದೆ. ಹಳೆಯ ಸೈನಿಕನೊಬ್ಬ ಮೂಳೆ ಕಚ್ಚುತ್ತ ಕೂತಿದ್ದಾನೆ, ಎದುರಿಗೆ ನಾಯಿ ಆಸೆಯಿಂದ ನೋಡುತ್ತಿದೆ, ಹಿಂದೆ ದೂರದಲ್ಲಿ ದೊಡ್ಡ ಬಂಗಲೆ. ಹಿಮ ಮುಚ್ಚಿದ ಪಾಳುಮನೆಯ ಮುಂದೆ ಕುರಿ ಹಳೆಯ ಪೊರಕೆಯ ಕಡ್ಡಿ ಮೆಲ್ಲುತ್ತಿದೆ, ಬಗಲಲ್ಲಿ ಮರಿ. ಹುಡುಗರು ಗೋರಿಕಲ್ಲುಗಳನ್ನೇ ಕುದುರೆ ಮಾಡಿಕೊಂಡು ಸವಾರಿ ಹೊರಟಿದ್ದಾರೆ. ಒಂದು ಚಿತ್ರದ ಮೇಲಂತೂ ತನ್ನ ಹೆಬ್ಬೆಟ್ಟಿನ ಗುರುತನ್ನೇ ಕೊರೆದಿಟ್ಟಿದ್ದಾನೆ. ಯುದ್ಧದಿಂದ ಬಂದವನಿಗೆ ಊಟ ಕೊಡದ ನಾಡಿನ ಮೇಲಿನ ಸಿಟ್ಟು, ಹಸಿದ ಪ್ರಾಣಿಯ ಮೇಲಿನ ಕರುಣೆ, ಹುಡುಗಾಟದ ಮೇಲಿನ ಪ್ರೀತಿ ಎಲ್ಲವೂ ಎರಡು ಮೂರು ಅಂಗುಲದೊಳಗೆ. ಬ್ಯೂಯಿಕ್‌ಗೆ ನಿಸರ್ಗವೆಂದರೆ ಮನುಷ್ಯರಿಲ್ಲದ ಜಾಗ ಆಗಿರಲಿಲ್ಲ. ಅವನ ಹೊಳೆಯ ಪಕ್ಕದಲ್ಲಿ ಸದಾ ಯಾರೋ ಒದ್ದೆಯಾಗಿ, ದಣಿದು, ಹೊರೆ ಹೊತ್ತು ಹೋಗುತ್ತಿರುತ್ತಾರೆ. ಅವನನ್ನು ನಾನು ಮತ್ತೆ ಮತ್ತೆ ತೆಗೆದು ನೋಡುವುದು ಈ ಕಾರಣಕ್ಕೇ.

ಗೋರಿಕಲ್ಲಿನ ಸವಾರರನ್ನು ನೆನೆಯುತ್ತ ಓವಿಂಗ್‌ಹ್ಯಾಮ್ ಚರ್ಚಿನ ಅಂಗಳದಲ್ಲೂ ಒಂದಿಷ್ಟು ಹೊತ್ತು ಕಳೆದೆ. ನಾರ್ಮನ್ನರಿಗಿಂತ ಹಿಂದಿನ ಸ್ಯಾಕ್ಸನ್ ಗೋಪುರ ಅದರದು. ಬ್ಯೂಯಿಕ್ ಮತ್ತು ಅವನ ಹೆಂಡತಿ ಇಸಬೆಲ್ಲಾ ಇಬ್ಬರೂ ಅಲ್ಲಿದ್ದಾರೆ. ನ್ಯೂಕ್ಯಾಸಲ್‌ನ ಅಂಗಡಿ ಈಗ ಇಲ್ಲ. ಗಿಜಿಗುಡುವ ನಾರ್ತಂಬರ್‌ಲ್ಯಾಂಡ್ ಸ್ಟ್ರೀಟಿನಲ್ಲಿ ಒಂದು ಕಟ್ಟಡದ ಮುಖದ ಮೇಲೆ, ಊರಿನ ಇತರ ಗಣ್ಯರ ಜೊತೆ ಅವನ ಪ್ರತಿಮೆಯಿದೆ. ಕೆಳಗಿನ ಜನಸಂದಣಿಯಲ್ಲಿ ತಲೆಯೆತ್ತಿ ನೋಡುವವರು ಕಡಿಮೆ. ಅವನು ಸದಸ್ಯನಾಗಿದ್ದ ಲಿಟರರಿ ಅಂಡ್ ಫಿಲಾಸಫಿಕಲ್ ಸೊಸೈಟಿಗಾಗಿ ಬೇಲಿ ಎಂಬ ಶಿಲ್ಪಿ ಮಾಡಿದ ಅಮೃತಶಿಲೆಯ ಅರ್ಧಪ್ರತಿಮೆ ಇದಕ್ಕಿಂತ ಚೆನ್ನ. ರೋಮನ್ನರ ನಿಲುವಂಗಿಯ ಗೊಡವೆಯಿಲ್ಲದೆ, ತಾನು ದಿನವೂ ತೊಡುವ ಕೋಟಿನಲ್ಲೇ ಇದ್ದಾನೆ.

ಅವನ ಅಂಗಡಿಯಲ್ಲಿ ಕಲಿತ ಲ್ಯೂಕ್ ಕ್ಲೆನೆಲ್, ಚಾರ್ಲ್ಟನ್ ನೆಸ್ಬಿಟ್, ವಿಲಿಯಂ ಹಾರ್ವೆ ಗುರು ಒಲ್ಲದ ಲಂಡನ್ನಿಗೆ ಹೋಗಿ ಹೆಸರು ಮಾಡಿದರು. ಹತ್ತೊಂಬತ್ತನೇ ಶತಮಾನದ ಸಚಿತ್ರ ಪತ್ರಿಕೆಗಳೆಲ್ಲ ಬೆಳೆದದ್ದು ಬಾಕ್ಸ್‌ವುಡ್ ಅಚ್ಚುಗಳ ಮೇಲೆ. ಅಲ್ಲಿ ಚಿತ್ರ ಬರೆಯುವವನು ಒಬ್ಬ, ಕೊರೆಯುವವರು ಬೇರೆ. ಬ್ಯೂಯಿಕ್‌ನಲ್ಲಿ ಕಂಡ ಕಣ್ಣು, ಬರೆದ ಕೈ, ಕೊರೆದ ಕೈ ಎಲ್ಲ ಒಬ್ಬನದೇ ಆಗಿತ್ತು. ಅವನು ಕೊನೆಗೆ ಹಿಡಿದದ್ದು ಮಳೆಯಲ್ಲಿ ನಿಂತ ಮುದಿ ಕುದುರೆಯ ದೊಡ್ಡ ಅಚ್ಚು. ಪ್ರಾಣಿಗಳನ್ನು ಹಿಂಸಿಸುವವರ ಮನ ಕರಗಬೇಕು, ಅಗ್ಗವಾಗಿ ಅಚ್ಚಾಗಿ ಬಡವರ ಮನೆಯ ಗೋಡೆಯಲ್ಲೂ ಇರಬೇಕು ಎಂಬುದು ಉದ್ದೇಶ. 1828ರ ನವೆಂಬರಿನಲ್ಲಿ ಅವನು ತೀರಿಕೊಂಡಾಗ ಅದು ಮುಗಿದಿರಲಿಲ್ಲ.

ಇಷ್ಟೆಲ್ಲ ನಮಗೆ ಉಳಿದದ್ದು ಅವನ ಹೆಣ್ಣುಮಕ್ಕಳಿಂದ. ಹಿರಿಯ ಮಗಳು ಜೇನ್‌ಗಾಗಿ ಬರೆದ ಆತ್ಮಕಥೆಯನ್ನು ಆಕೆ 1862ರಲ್ಲಿ ಪ್ರಕಟಿಸಿದಳು. ಮದುವೆಯಾಗದೆ ಉಳಿದ ಜೇನ್ ಮತ್ತು ಆಕೆಯ ತಂಗಿ ಇಸಬೆಲ್ಲಾ ಅಪ್ಪನ ಚಿತ್ರ, ಪ್ರೂಫು, ಕಾಗದಪತ್ರಗಳನ್ನು ಅರ್ಧ ಶತಮಾನ ಜೋಪಾನ ಮಾಡಿದರು. 1880ರ ದಶಕದಲ್ಲಿ ಅವುಗಳಲ್ಲಿ ಬಹಳಷ್ಟು ಬ್ರಿಟಿಷ್ ಮ್ಯೂಸಿಯಮ್ಮಿಗೂ ನ್ಯೂಕ್ಯಾಸಲ್‌ನ ನಿಸರ್ಗ ಇತಿಹಾಸ ಸಂಘಕ್ಕೂ ಸೇರಿದವು. ಆ ಸಂಘದ ಸಂಗ್ರಹ ಈಗ ಗ್ರೇಟ್ ನಾರ್ತ್ ಮ್ಯೂಸಿಯಂನಲ್ಲಿದೆ. ಮೊದಲೇ ಕೇಳಿಕೊಂಡಿದ್ದರಿಂದ ಅಲ್ಲಿನ ಗ್ರಂಥಪಾಲಕಿ ಹಕ್ಕಿಯೊಂದರ ಜಲವರ್ಣ ಚಿತ್ರವನ್ನು ಮೇಜಿನ ಮೇಲೆ ತಂದಿಟ್ಟರು. ಚಿತ್ರದ ಅಳತೆ ಅಚ್ಚಿನ ಅಳತೆಯೇ. ಕಾಗದದ ಅಂಚಿನಲ್ಲಿ ಮಡಿಕೆಯ ಗುರುತು. ಮರದ ತುಂಡಿಗೆ ಸುತ್ತಿ ಹಿಡಿಸಿದ್ದ ಕಡೆ ಅದು. ಹಿಂಬದಿಗೆ ಪೆನ್ಸಿಲ್ ಪುಡಿ ಉಜ್ಜಿ, ಮುಂದಿನಿಂದ ಮೊಂಡುಮೊನೆಯಲ್ಲಿ ಗೆರೆ ಒತ್ತಿ ಮರಕ್ಕೆ ಇಳಿಸಿದ್ದ. ಓರೆಬೆಳಕಿನಲ್ಲಿ ಆ ಒತ್ತಿನ ಗೆರೆ ಈಗಲೂ ತೋರುತ್ತದೆ. ಚಿತ್ರದಲ್ಲಿ ಎಡಕ್ಕೆ ನೋಡುವ ಹಕ್ಕಿ ಪುಸ್ತಕದಲ್ಲಿ ಬಲಕ್ಕೆ ನೋಡುತ್ತದೆ. "ಟೇಲ್‌ಪೀಸ್‌ಗಳ ಪೆಟ್ಟಿಗೆಯನ್ನೂ ನೋಡುತ್ತೀರಾ?" ಎಂದು ಕೇಳಿ ಅದನ್ನೂ ತೆರೆದರು. ಕೆಲವಕ್ಕೆ ಪೂರ್ತಿ ಬಣ್ಣ ತುಂಬಿದ ಚಿತ್ರವಿತ್ತು. ಇನ್ನು ಕೆಲವಕ್ಕೆ ಪೆನ್ಸಿಲ್ಲಿನ ನಾಲ್ಕಾರು ಗೆರೆ ಮಾತ್ರ. ಮಿಕ್ಕ ಮರ, ಮಳೆ, ಮನುಷ್ಯರನ್ನೆಲ್ಲ ಅವನು ನೇರವಾಗಿ ಉಳಿಯಿಂದಲೇ ಬರೆದಿದ್ದ.